ಕಿತ್ತೆಸೆದ ಕಳೆಯೇ ಕೊಂಡು ಕುಡಿಯುವ ಚಹಾ

ಅಮೆರಿಕದಲ್ಲಿ ಈ ಗಿಡವನ್ನು ಕೊಲ್ಲಲೂ ದುಡ್ಡು ಸುರಿಯುತ್ತಾರೆ, ಕುದಿಸಿ ಕುಡಿಯಲೂ ದುಡ್ಡು ಸುರಿಯುತ್ತಾರೆ. ಡ್ಯಾಂಡೆಲಿಯನ್ ಬೇರಿನ ಚಹಾ ‘ಲಿವರ್ ಡಿಟಾಕ್ಸ್’ ಎಂಬ ಹಣೆಪಟ್ಟಿ ಹೊತ್ತು ಈಗ ನಮ್ಮ ಮನೆಬಾಗಿಲಿಗೂ ಬಂದಿದೆ. ಅದರಿಂದ ಹೊಟ್ಟೆಗೆ ಆಗುವುದೇನು? ಲಿವರ್‌ಗೆ ನಿಜಕ್ಕೂ ಏನಾದರೂ ಆಗುತ್ತದೆಯೇ?

ಏಪ್ರಿಲ್ ತಿಂಗಳ ಯಾವುದಾದರೂ ಶನಿವಾರ ಬೆಳಿಗ್ಗೆ ಅಮೆರಿಕದ ದೊಡ್ಡ ಅಂಗಡಿಯೊಂದನ್ನು ಹೊಕ್ಕು ನೋಡಿ. ಬಾಗಿಲ ಬಳಿಯೇ ತೋಟದ ಸಾಮಾನು. ಕಳೆನಾಶಕದ ಡಬ್ಬಿಗಳನ್ನು ಆಳೆತ್ತರಕ್ಕೆ ಪೇರಿಸಿಟ್ಟಿರುತ್ತಾರೆ. ಡಬ್ಬಿಯ ಮೇಲೆ, ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಕಳ್ಳನ ಫೋಟೋದ ಹಾಗೆ, ಒಂದು ಹಳದಿ ಹೂವಿನ ಚಿತ್ರ.

ಅಲ್ಲಿಂದ ನಾಲ್ಕಾರು ಸಾಲು ದಾಟಿ ಚಹಾ ಇಟ್ಟಿರುವ ಕಡೆ ಬನ್ನಿ. ಅದೇ ಹೂವು, ಅದೇ ಹಳದಿ. ಈ ಸಲ ಅಂದದ ರಟ್ಟಿನ ಪೆಟ್ಟಿಗೆಯ ಮೇಲೆ ನಗುತ್ತಿದೆ. ಕೆಳಗೆ ಜೀರ್ಣಶಕ್ತಿಗೂ ಲಿವರ್‌ಗೂ ಒತ್ತಾಸೆ ಎಂಬರ್ಥದ ಒಂದು ಸಾಲು. ಒಬ್ಬನೇ ಗಿರಾಕಿಯ ತಳ್ಳುಗಾಡಿಯಲ್ಲಿ ಕಳೆನಾಶಕವೂ ಚಹಾ ಪೆಟ್ಟಿಗೆಯೂ ಒಟ್ಟಿಗೆ ಕೂತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಮಗಳ ಬಾಣಂತನಕ್ಕೆಂದು ಹೋದ ಮೈಸೂರಿನ, ಶಿವಮೊಗ್ಗದ ಅಮ್ಮಂದಿರಿಗೆ ಈ ಹೂವಿನ ಪರಿಚಯ ಚೆನ್ನಾಗಿಯೇ ಇದೆ. ಹಿಮ ಕರಗಿದ್ದೇ ತಡ, ಮನೆ ಮುಂದಿನ ಹುಲ್ಲುಹಾಸಿನ ತುಂಬ ಬಂಗಾರದ ಬೊಟ್ಟು ಇಟ್ಟಂತೆ ಅರಳಿಬಿಡುತ್ತದೆ. ‘ಇಷ್ಟು ಚೆಂದದ ಹೂವನ್ನ ಯಾಕೆ ಕಿತ್ತು ಹಾಕ್ತಾರೇ? ದೇವರಿಗೆ ಇಡಬಾರದಾ?’ ಎಂದು ಕೇಳದ ಅಮ್ಮಂದಿರು ಕಡಿಮೆ.

ಕೀಳುವುದಕ್ಕೆ ಕಾರಣವಿದೆ. ಒಂದು ಹೂವು ಕೆಲವು ದಿನಗಳಲ್ಲಿ ಬಿಳಿ ಬುರುಗಿನ ಗೋಲವಾಗುತ್ತದೆ; ಗಾಳಿ ಬೀಸಿದರೆ ಇಡೀ ಬೀದಿಗೆ ಬೀಜ. ಪರಾಗಸ್ಪರ್ಶದ ಹಂಗೂ ಇದಕ್ಕಿಲ್ಲ, ಹೆಚ್ಚಿನ ಡ್ಯಾಂಡೆಲಿಯನ್‌ಗಳು ಗಂಡಿನ ನೆರವಿಲ್ಲದೆಯೇ ಬೀಜ ಕಟ್ಟುತ್ತವೆ. ಬೇರು ಮೂಲಂಗಿಯ ಹಾಗೆ ನೇರ ಆಳಕ್ಕೆ ಇಳಿಯುತ್ತದೆ. ಕೀಳಹೋದರೆ ತುಂಡಾಗುತ್ತದೆ, ಒಳಗುಳಿದ ತುಂಡು ಮತ್ತೆ ಚಿಗುರುತ್ತದೆ.

ನಮ್ಮ ಕಥೆಯ ನಾಯಕ ಆ ಬೇರು.

ಏಪ್ರಿಲ್ 19 ವಿಶ್ವ ಲಿವರ್ ದಿನ. ಹೂವು ಅರಳುವ ತಿಂಗಳಲ್ಲೇ ಲಿವರ್‌ನ ನೆನಪೂ ಬರುವುದು ಕಾಕತಾಳೀಯ. ಆದರೆ ಮಾರುವವರಿಗೆ ಕಾಕತಾಳೀಯಗಳೆಂದರೆ ಪ್ರೀತಿ. ಆ ವಾರ ಮೊಬೈಲ್ ತೆರೆದರೆ ‘ಲಿವರ್ ತೊಳೆಯುವ’ ಚಹಾ, ಪುಡಿ, ಮಾತ್ರೆಗಳ ಮೆರವಣಿಗೆ. ಬೆಂಗಳೂರಿನಲ್ಲಿ ಕೂತು ಬೆರಳಾಡಿಸಿದರೂ ಒಂದೆರಡು ದಿನದಲ್ಲಿ ಡ್ಯಾಂಡೆಲಿಯನ್ ಬೇರು ಮನೆಗೆ ಬರುತ್ತದೆ.

ಹಳದಿಗೆ ಹಳದಿಯೇ ಮದ್ದು

ಡ್ಯಾಂಡೆಲಿಯನ್‌ಗೂ ಲಿವರ್‌ಗೂ ನಂಟು ಬೆಸೆದದ್ದು ಯಾವ ಪ್ರಯೋಗಾಲಯವೂ ಅಲ್ಲ, ಬಣ್ಣ.

ಹದಿನಾರು, ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಒಂದು ನಂಬಿಕೆ ಬಲವಾಗಿತ್ತು. ಯಾವ ಗಿಡ ಯಾವ ಅಂಗಕ್ಕೆ ಎಂಬುದನ್ನು ದೇವರು ಗಿಡದ ರೂಪದಲ್ಲೇ ಗುರುತು ಹಾಕಿ ಕಳಿಸಿದ್ದಾನೆ ಎಂದು. ಮಿದುಳಿನಂತೆ ಕಾಣುವ ಅಕ್ರೋಟು ತಲೆಗೆ. ಹಳದಿ ಹೂವು ಹಳದಿ ಪಿತ್ತಕ್ಕೆ, ಅಂದರೆ ಲಿವರ್‌ಗೆ, ಕಾಮಾಲೆಗೆ.

ಲಂಡನ್ನಿನ ನಿಕೊಲಸ್ ಕಲ್ಪೆಪರ್ 1652ರಲ್ಲಿ ಪ್ರಕಟಿಸಿದ ಗಿಡಮೂಲಿಕೆ ಪುಸ್ತಕದಲ್ಲಿ ಡ್ಯಾಂಡೆಲಿಯನ್ ಲಿವರ್, ಪಿತ್ತಕೋಶ, ಗುಲ್ಮಗಳ ತಡೆಗಳನ್ನು ಬಿಡಿಸುತ್ತದೆ ಎಂದು ಬರೆದ. ವೈದ್ಯರು ಲ್ಯಾಟಿನ್ನಿನಲ್ಲಿ ಬಚ್ಚಿಟ್ಟಿದ್ದ ಜ್ಞಾನವನ್ನು ಬಡವರಿಗೆ ತಿಳಿಯುವ ಇಂಗ್ಲಿಷಿನಲ್ಲಿ ಬರೆದು ವೈದ್ಯರ ಸಂಘದ ಕೋಪ ಕಟ್ಟಿಕೊಂಡ ಮನುಷ್ಯ ಆತ. ಅವನ ಪುಸ್ತಕ ಇಂದಿಗೂ ಅಚ್ಚಿನಲ್ಲಿದೆ. ಚಹಾ ಪೆಟ್ಟಿಗೆಯ ಮೇಲೆ ಇಂದು ಕಾಣುವ ಸಾಲಿನ ಅಜ್ಜ ಅವನ ಆ ಸಾಲು ಎಂದರೆ ತಪ್ಪಿಲ್ಲ.

ಬಣ್ಣ ನೋಡಿ ತೀರ್ಪು ಕೊಡುವುದು ನಮ್ಮಲ್ಲೂ ಇದೆ, ದಿಕ್ಕು ಮಾತ್ರ ತಿರುವುಮುರುವು. ಅರಿಶಿನ ಕಾಮಾಲೆ ಬಂದವರಿಗೆ ಅರಿಶಿನ ಹಾಕಿದ ಅಡುಗೆ ಬಡಿಸದ ಮನೆಗಳು ಎಷ್ಟೋ. ಅಲ್ಲಿ ಹಳದಿ ಹಳದಿಯನ್ನು ಓಡಿಸುತ್ತದೆ, ಇಲ್ಲಿ ಹಳದಿ ಹಳದಿಯನ್ನು ಹೆಚ್ಚಿಸುತ್ತದೆ. ಕಾಮಾಲೆಯ ಹಳದಿ ಬರುವುದು ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ವಸ್ತುವಿನಿಂದ. ಅದಕ್ಕೆ ಈ ಎರಡು ಊರಿನ ವಾದಗಳೂ ಗೊತ್ತಿಲ್ಲ.

ಔಷಧಿಯಾಗುವ ಮೊದಲು ಇದು ಸೊಪ್ಪು. ಯೂರೋಪಿನಿಂದ ವಲಸೆ ಹೊರಟವರು ಅಮೆರಿಕಕ್ಕೆ ಇದನ್ನು ಕೊಂಡೊಯ್ದದ್ದು ಊಟಕ್ಕೂ ಮದ್ದಿಗೂ ಆದೀತೆಂದು. ಚಳಿಗಾಲ ಮುಗಿದು ಮೊದಲು ತಲೆ ಎತ್ತುವ ಹಸಿರು ಇದೇ ಆದ್ದರಿಂದ ತಿಂಗಳುಗಟ್ಟಲೆ ಉಪ್ಪು ಮಾಂಸ ತಿಂದ ನಾಲಿಗೆಗೆ ಹಬ್ಬ. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರು ತನ್ನನ್ನು ಜಗತ್ತಿನ ಡ್ಯಾಂಡೆಲಿಯನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಇಟಲಿಯಿಂದ ಬಂದ ರೈತರು ಅಲ್ಲಿ ಇದನ್ನು ಹೊಲದಲ್ಲಿ ಬೆಳೆದರು.

ನಮ್ಮ ದೇಶದಲ್ಲೂ ತಂಪು ಸೀಮೆಗಳಲ್ಲಿ ಇದು ಇದೆ. ಕಾಶ್ಮೀರದಲ್ಲಿ ಇದರ ಹೆಸರು ‘ಹಂದ್’. ಸೊಪ್ಪನ್ನು ಒಣಗಿಸಿಟ್ಟುಕೊಂಡು ಬಾಣಂತಿಯರಿಗೆ ಬೇಯಿಸಿ ಬಡಿಸುತ್ತಾರೆ. ಮೈಸೂರಿನ ಅಮ್ಮ ಹುಲ್ಲುಹಾಸಿನಲ್ಲಿ ಕಂಡದ್ದು ಹೂವನ್ನಷ್ಟೇ. ಶ್ರೀನಗರದ ಅಮ್ಮನಾಗಿದ್ದರೆ ಬುಟ್ಟಿ ಹಿಡಿದು ಇಳಿಯುತ್ತಿದ್ದಳು.

ಇಷ್ಟೆಲ್ಲ ಮರ್ಯಾದೆ ಇದ್ದ ಗಿಡ ಕಳೆಯಾದದ್ದು ಹುಲ್ಲುಹಾಸು ಪ್ರತಿಷ್ಠೆಯ ಗುರುತಾದ ಮೇಲೆ. 1940ರ ದಶಕದ ನಡುವೆ 2,4-ಡಿ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂತು. ಅದು ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಮಾತ್ರ ಸಾಯಿಸುತ್ತದೆ. ಅಲ್ಲಿಂದ ಡ್ಯಾಂಡೆಲಿಯನ್‌ನ ಗ್ರಹಚಾರ ಕೆಟ್ಟಿತು. ಚಹಾಕ್ಕೆಂದು ಹುಲ್ಲುಹಾಸಿನ ಬೇರು ಕೀಳಬೇಡಿ ಎಂದು ಅಲ್ಲಿಯ ತಿಳಿದವರು ಹೇಳುವುದು ಇದೇ ಕಾರಣಕ್ಕೆ. ಲಿವರ್ ತೊಳೆಯಲು ಹೋಗಿ ಕಳೆನಾಶಕ ಕುಡಿದಂತಾದೀತು.

> ಹೂವಿನ ಬೇರೆ ಅವತಾರಗಳು
>
> ಗಾಲಿ: ಇದರ ಸೋದರ ಗಿಡವೊಂದು ಕಜಕಸ್ತಾನದಲ್ಲಿದೆ. ಅದರ ಬೇರಿನ ಹಾಲಿನಲ್ಲಿ ಒಳ್ಳೆಯ ರಬ್ಬರ್ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟ ಅದನ್ನು ಹೊಲಗಳಲ್ಲಿ ಬೆಳೆಯಿತು. ಏಷ್ಯಾದ ರಬ್ಬರ್ ತೋಟಗಳು ಜಪಾನಿನ ಕೈಸೇರಿದಾಗ ಅಮೆರಿಕವೂ ಬಿತ್ತಿ ನೋಡಿತು. 2019ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪನಿ ಇದೇ ರಬ್ಬರಿನ ಸೈಕಲ್ ಟೈರನ್ನು ಮಾರುಕಟ್ಟೆಗೆ ತಂದಿತು.
>
> ಗಾಳಿ: ಬೀಜ ಅಷ್ಟು ದೂರ ತೇಲುವುದು ಹೇಗೆ? 2018ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉತ್ತರ ಕಂಡುಕೊಂಡರು. ಬೀಜದ ತುದಿಯ ಕೂದಲ ಛತ್ರಿಯ ಮೇಲೆ, ಅದನ್ನು ಮುಟ್ಟದೆ, ಗಾಳಿಯ ಸುಳಿಯೊಂದು ಉಂಗುರದಂತೆ ನಿಲ್ಲುತ್ತದೆ. ಬೀಜವನ್ನು ಎತ್ತಿ ಹಿಡಿಯುವುದು ಆ ಸುಳಿ.

ಆಲೂಗಡ್ಡೆ ಹೊಲದಲ್ಲಿ ಸಿಕ್ಕ ಕಾಫಿ

1835ರ ಶರತ್ಕಾಲ. ಕೆನಡಾದ ಕಾಡಂಚಿನ ಹೊಲದಲ್ಲಿ ಸುಸಾನಾ ಮೂಡಿ ಗಂಡನ ಜೊತೆ ಆಲೂಗಡ್ಡೆ ಅಗೆಯುತ್ತಿದ್ದಳು. ಇಂಗ್ಲೆಂಡಿನಲ್ಲಿ ಪುಸ್ತಕ ಬರೆದುಕೊಂಡಿದ್ದ ಹೆಣ್ಣುಮಗಳು, ಮೂರು ವರ್ಷದ ಹಿಂದೆ ಈ ದೇಶಕ್ಕೆ ಬಂದು ಬಿದ್ದಿದ್ದಳು. ಕಾಫಿ ದುಬಾರಿ, ಸಿಗುತ್ತಿದ್ದದ್ದೂ ಕಳಪೆ.

ಆಲೂಗಡ್ಡೆಯ ನಡುವೆ ದಪ್ಪ ದಪ್ಪ ಡ್ಯಾಂಡೆಲಿಯನ್ ಬೇರು ಕಂಡಾಗ, ಎಂದೋ ಪತ್ರಿಕೆಯಲ್ಲಿ ಓದಿದ್ದ ಒಂದು ವಿಧಾನ ಅವಳ ನೆನಪಿಗೆ ಬಂತು. ಬೇರುಗಳನ್ನು ಆರಿಸಿಟ್ಟಳು. ಮೇಲಿನ ಕಂದು ಸಿಪ್ಪೆ ಹೋಗದಂತೆ ತೊಳೆದಳು, ಘಮವೆಲ್ಲ ಆ ಸಿಪ್ಪೆಯಲ್ಲೇ ಇದೆ ಎಂಬುದು ಅವಳ ಅಭಿಪ್ರಾಯ. ಹುರುಳಿಕಾಯಿ ಬೀಜದಷ್ಟು ತುಂಡು ಮಾಡಿ, ಒಲೆಯಲ್ಲಿ ಕಾಫಿಬೀಜದ ಬಣ್ಣ ಬರುವ ತನಕ ಹುರಿದು, ಬೀಸಿ, ಕುದಿಸಿದಳು. ಅಂಗಡಿಯ ಕಾಫಿಗಿಂತ ಎಷ್ಟೋ ಮೇಲು ಎಂದು 1852ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಳು.

ಆಕೆ ಲಿವರ್‌ನ ಉಸಾಬರಿಗೆ ಹೋದವಳಲ್ಲ. ಬೇಕಾಗಿದ್ದದ್ದು ರಾತ್ರಿ ಊಟದ ಜೊತೆ ಒಂದು ಲೋಟ ಬಿಸಿ ಪಾನೀಯ.

ಹುರಿದ ಬೇರು ಕಾಫಿಯ ಹಾಗೆ ಘಮಘಮಿಸುವುದೇಕೆ? ಬೇರಿನಲ್ಲಿ ಇನ್ಯುಲಿನ್ ಎಂಬ ನಾರಿದೆ. ಮಧುಮೇಹದ ಇನ್ಸುಲಿನ್‌ಗೂ ಇದಕ್ಕೂ ಸಂಬಂಧವಿಲ್ಲ, ಇದು ಹಣ್ಣಿನ ಸಕ್ಕರೆಯ ಕಣಗಳು ಸರಪಳಿಯಾಗಿ ಹೆಣೆದುಕೊಂಡ ಪಿಷ್ಟದಂಥ ವಸ್ತು. ಗಿಡ ಚಳಿಗಾಲಕ್ಕೆಂದು ಬೇರಿನಲ್ಲಿ ಕೂಡಿಡುವ ಗಂಟು. ಶರತ್ಕಾಲದ ಒಣಬೇರಿನಲ್ಲಿ ಶೇ 40ರವರೆಗೂ ಇರುತ್ತದೆ, ವಸಂತಕ್ಕೆ ಶೇ 2ಕ್ಕೆ ಇಳಿಯುತ್ತದೆ. ಹುರಿದಾಗ ಸರಪಳಿ ಒಡೆದು, ಸಕ್ಕರೆ ಕಂದುತಿರುಗಿ, ಕಾಫಿಯ ಕಹಿ-ಸಿಹಿ ಬರುತ್ತದೆ. ಕೆಫೀನ್ ಮಾತ್ರ ಸೊನ್ನೆ.

ಈ ರುಚಿ ನಮಗೆ ಹೊಸದೇನಲ್ಲ. ಫಿಲ್ಟರ್ ಕಾಫಿ ಕುಡಿಯುವ ಕನ್ನಡಿಗ ದಿನವೂ ಡ್ಯಾಂಡೆಲಿಯನ್‌ನ ಹತ್ತಿರದ ದಾಯಾದಿಯನ್ನು ಕುಡಿಯುತ್ತಿದ್ದಾನೆ: ಚಿಕೋರಿ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳಿರುವ ದೊಡ್ಡ ಕುಟುಂಬದಲ್ಲಿ ಇವೆರಡರದೂ ಒಂದೇ ಮನೆತನ. ಒಂದಕ್ಕೆ ಹಳದಿ ಹೂವು, ಇನ್ನೊಂದಕ್ಕೆ ನೀಲಿ. ಎರಡಕ್ಕೂ ಹಾಲುರಸ, ಎರಡರ ಬೇರಿನಲ್ಲೂ ಇನ್ಯುಲಿನ್. ಅಮೆರಿಕದ ತರಕಾರಿ ಅಂಗಡಿಗಳಲ್ಲಿ ‘ಇಟಾಲಿಯನ್ ಡ್ಯಾಂಡೆಲಿಯನ್’ ಎಂದು ಮಾರುವ ಸೊಪ್ಪು ಹಲವು ಸಲ ಚಿಕೋರಿಯೇ ಆಗಿರುತ್ತದೆ.

ನೆಪೋಲಿಯನ್ ಕಾಲದಲ್ಲಿ ಕಾಫಿ ಬರದೆ ಒದ್ದಾಡಿದ ಫ್ರಾನ್ಸ್ ಚಿಕೋರಿಗೆ ಒಗ್ಗಿಕೊಂಡಿತು. ನಮ್ಮಲ್ಲಿ ಬೆಳೆಯುವುದು ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರಕೂಡದು ಎಂಬುದು ಕಾನೂನು. ಯುನಾನಿ ವೈದ್ಯದಲ್ಲಿ ಈ ಚಿಕೋರಿಯೇ ‘ಕಾಸನಿ’, ಲಿವರ್‌ನ ಔಷಧಿ! ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಹಿಮಾಲಯ ಕಂಪನಿಯ ಲಿವ್ 52 ಮಾತ್ರೆಯ ಡಬ್ಬಿ ಓದಿದರೆ ಅಲ್ಲೂ ಕಾಸನಿಯ ಹೆಸರು ಸಿಗುತ್ತದೆ. ಬೆಳಗಿನ ಲೋಟದಲ್ಲಿ ಅದೇ ಬೇರನ್ನು ಕುಡಿಯುವಾಗ ಲಿವರ್ ತೊಳೆಯುತ್ತಿದ್ದೇವೆ ಎಂದು ನಮಗ್ಯಾರಿಗೂ ಅನ್ನಿಸಿಲ್ಲ.

ಹೊಟ್ಟೆಯ ಲೆಕ್ಕ

ಮೊದಲು ಒಳ್ಳೆಯ ಮಾತು. ಊಟಕ್ಕೆ ಮುಂಚೆ ಕಹಿ ನಾಲಿಗೆಗೆ ತಾಗಿದರೆ ಜೊಲ್ಲು ಊರುತ್ತದೆ, ಜಠರರಸ ಚುರುಕಾಗುತ್ತದೆ. ಹಾಗಲಕಾಯಿ, ಮೆಂತ್ಯ, ಯುಗಾದಿಯ ಬೇವು ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಂಡೆಲಿಯನ್ ಬೇರು ಯೂರೋಪಿನ ಹಾಗಲಕಾಯಿ ಎಂದುಕೊಳ್ಳಿ.

ಯೂರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಕೂಡ ಇದಕ್ಕೆ ಒಂದು ಜಾಗ ಕೊಟ್ಟಿದೆ. ಹೊಟ್ಟೆ ತುಂಬಿದಂತಿರುವುದು, ವಾಯು, ನಿಧಾನ ಜೀರ್ಣ, ತಾತ್ಕಾಲಿಕವಾಗಿ ಹಸಿವಾಗದಿರುವುದು ಇಂಥ ಸಣ್ಣಪುಟ್ಟ ತೊಂದರೆಗೆ ಬೇರು ಮತ್ತು ಸೊಪ್ಪನ್ನು ಬಳಸಬಹುದು ಎನ್ನುತ್ತದೆ. ಆದರೆ ಯಾವ ಆಧಾರದ ಮೇಲೆ? ಬಹುಕಾಲದಿಂದ ಬಳಕೆಯಲ್ಲಿದೆ ಎಂಬ ಒಂದೇ ಆಧಾರ. ರೋಗಿಗಳ ಮೇಲಿನ ಪ್ರಯೋಗದಲ್ಲಿ ಸಾಬೀತಾಗಿದೆ ಎಂದಲ್ಲ. ಪೆಟ್ಟಿಗೆಯ ಮೇಲೆ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಇನ್ನು ಇನ್ಯುಲಿನ್. ಸಣ್ಣಕರುಳಿನಲ್ಲಿ ಇದು ಕರಗುವುದಿಲ್ಲ. ದೊಡ್ಡಕರುಳಿಗೆ ಹಾಗೇ ಹೋಗಿ ಅಲ್ಲಿಯ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಚಿಕೋರಿಯ ಇನ್ಯುಲಿನ್ ಮಲವಿಸರ್ಜನೆಯನ್ನು ಸರಾಗ ಮಾಡುತ್ತದೆ ಎಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಕೊಂಡಿತು. ಆದರೆ ಅದಕ್ಕೆ ಬೇಕಾದ ಪ್ರಮಾಣ ದಿನಕ್ಕೆ 12 ಗ್ರಾಂ.

ಇಲ್ಲಿ ಸ್ವಲ್ಪ ಬಾಯಿಲೆಕ್ಕ. ಒಂದು ಟೀ ಬ್ಯಾಗಿನಲ್ಲಿ 2 ಗ್ರಾಂ ಬೇರು ಇದೆ ಎಂದಿಟ್ಟುಕೊಳ್ಳಿ. ಅತ್ಯುತ್ತಮ ಶರತ್ಕಾಲದ ಬೇರೇ ಆಗಿದ್ದು, ಇದ್ದಬದ್ದ ಇನ್ಯುಲಿನ್ ಎಲ್ಲ ನೀರಿಗಿಳಿದರೂ ಸಿಗುವುದು 0.8 ಗ್ರಾಂ. ಹನ್ನೆರಡು ಗ್ರಾಂ ಮುಟ್ಟಲು ಹದಿನೈದು ಕಪ್ಪು ಕುಡಿಯಬೇಕು. ಹುರಿದದ್ದಾದರೆ ಇನ್ನೂ ಹೆಚ್ಚು, ಏಕೆಂದರೆ ಹುರಿಯುವಾಗಲೇ ಒಂದಿಷ್ಟು ಒಡೆದುಹೋಗಿರುತ್ತದೆ. ಅಷ್ಟು ಹೊತ್ತಿಗೆ ಬೇರೆ ಕಾರಣಕ್ಕೇ ಬಚ್ಚಲಿಗೆ ಓಡಬೇಕಾದೀತು.

ಓಡುವ ಮಾತು ಬಂದದ್ದರಿಂದ ಹೇಳಬೇಕು. ಮೂತ್ರ ಹೆಚ್ಚಿಸುತ್ತದೆ ಎಂಬ ಖ್ಯಾತಿ ಈ ಗಿಡಕ್ಕೆ ಹಳೆಯದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 17 ಜನರಿಗೆ ಒಂದು ದಿನ ಡ್ಯಾಂಡೆಲಿಯನ್ ಸತ್ವ ಕೊಟ್ಟಾಗ ಮೂತ್ರಕ್ಕೆ ಹೋಗುವ ಸಲ ಹೆಚ್ಚಿತು. ಆದರೆ ಅದು ಎಲೆಯ ಸತ್ವ, ಬೇರಿನದಲ್ಲ. ಜನ ಹದಿನೇಳೇ, ದಿನ ಒಂದೇ. ಇದನ್ನು ಹಿಡಿದುಕೊಂಡು ಬೇರಿನ ಚಹಾ ‘ವೈಜ್ಞಾನಿಕವಾಗಿ ಸಾಬೀತು’ ಎಂದು ಮಾರುವವರ ಧೈರ್ಯಕ್ಕೆ ನಮಸ್ಕಾರ.

ರೋಗಿಯೇ ಕುಡಿಯಬಾರದ ಔಷಧಿ

ಈಗ ಲಿವರ್. ರಾಸಾಯನಿಕ ಕೊಟ್ಟು ಲಿವರ್ ಕೆಡಿಸಿದ ಇಲಿಗಳಿಗೆ ಡ್ಯಾಂಡೆಲಿಯನ್ ಬೇರಿನ ಸತ್ವ ಕೊಟ್ಟು, ಹಾನಿ ಕಡಿಮೆಯಾಯಿತು ಎಂದು ತೋರಿಸಿದ ಪ್ರಯೋಗಗಳಿವೆ. ಇಲಿಗಳ ಮಟ್ಟಿಗೆ ಸಂತೋಷದ ಸುದ್ದಿ. ಮನುಷ್ಯರ ಕೊಬ್ಬಿನ ಲಿವರ್, ಹೆಪಟೈಟಿಸ್, ಸಿರೋಸಿಸ್‌ಗಳಲ್ಲಿ ಈ ಚಹಾ ಗುಣ ಕೊಡುತ್ತದೆಂದು ತೋರಿಸಿಕೊಟ್ಟ ಗಟ್ಟಿ ಪರೀಕ್ಷೆ ಇಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮೇಲೆ ಹೇಳಿದ ಯೂರೋಪಿನ ಸಂಸ್ಥೆಯ ಅದೇ ದಾಖಲೆ, ಡ್ಯಾಂಡೆಲಿಯನ್ ಯಾರು ಬಳಸಬಾರದು ಎಂದೂ ಪಟ್ಟಿ ಮಾಡಿದೆ. ಪಿತ್ತನಾಳ ಕಟ್ಟಿಕೊಂಡವರು, ಪಿತ್ತನಾಳದ ಉರಿಯೂತವಿದ್ದವರು, ಪಿತ್ತಕೋಶದಲ್ಲಿ ಕಲ್ಲಿದ್ದವರು, ಹೊಟ್ಟೆಹುಣ್ಣಿನವರು. ಆ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ: ಲಿವರ್ ಕಾಯಿಲೆ ಇರುವವರು.

ಇನ್ನೊಮ್ಮೆ ಓದಿ. ಲಿವರ್‌ಗೆಂದು ಮಾರುವ ವಸ್ತುವನ್ನು ಲಿವರ್ ಕೆಟ್ಟವರು ಮುಟ್ಟಕೂಡದು ಎಂದು ದಾಖಲೆ ಹೇಳುತ್ತದೆ. ಕುಡಿಯಬಹುದಾದವರು ಲಿವರ್ ಚೆನ್ನಾಗಿರುವವರು, ಅಂದರೆ ಅದರ ಅಗತ್ಯವೇ ಇಲ್ಲದವರು!

ಇದರ ಹಿಂದಿನ ತರ್ಕ ಸರಳ. ಕಹಿಯು ಪಿತ್ತರಸದ ಹರಿವನ್ನು ಕೆರಳಿಸಬಹುದು. ದಾರಿ ಸುಗಮವಾಗಿದ್ದರೆ ಪರವಾಗಿಲ್ಲ. ಕಲ್ಲು ಅಡ್ಡ ಕೂತಿದ್ದರೆ ಹಿಂದಿನಿಂದ ತಳ್ಳಿದಂತಾಗಿ ನೋವು ಕಿತ್ತುಕೊಂಡು ಬರಬಹುದು. ತನ್ನ ಪಿತ್ತಕೋಶದಲ್ಲಿ ಕಲ್ಲಿದೆ ಎಂಬುದು ಸ್ಕ್ಯಾನ್ ಮಾಡಿಸುವ ತನಕ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

‘ತೊಳೆಯುವುದು’ ಎಂಬ ಮಾತೇ ಲಿವರ್‌ಗೆ ಒಪ್ಪುವುದಿಲ್ಲ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹಾಯುತ್ತದೆ. ಬಂದ ವಿಷವನ್ನು ಅದು ಒಳಗೆ ಕೂಡಿಹಾಕಿಕೊಂಡು ಕೂರುವುದಿಲ್ಲ. ರಾಸಾಯನಿಕವಾಗಿ ಬದಲಾಯಿಸಿ, ಒಂದು ಪಾಲನ್ನು ಮೂತ್ರದ ದಾರಿಗೂ ಇನ್ನೊಂದನ್ನು ಪಿತ್ತರಸದ ದಾರಿಗೂ ಕಳಿಸುತ್ತದೆ. ಅಮೋನಿಯಾವನ್ನು ಯೂರಿಯಾ ಮಾಡುವುದು, ಕುಡಿದ ಹೆಂಡವನ್ನು ಒಡೆಯುವುದು, ನುಂಗಿದ ಮಾತ್ರೆಯನ್ನು ವಿಲೇವಾರಿ ಮಾಡುವುದು ಎಲ್ಲ ಅದರ ನಿತ್ಯಕರ್ಮ. ನೀವು ಕುಡಿದ ಡ್ಯಾಂಡೆಲಿಯನ್ ಚಹಾವನ್ನು ಸಂಸ್ಕರಿಸುವ ಕೆಲಸವೂ ಅದರ ತಲೆಗೇ ಬೀಳುತ್ತದೆ.

> ನೆಲನೆಲ್ಲಿಯ ಏರಿಳಿತ
>
> ‘ನಮ್ಮ ನೆಲನೆಲ್ಲಿ ಇಲ್ಲವೇ?’ ಎಂದು ಕೇಳುವವರಿಗೆ. ಮಳೆಗಾಲದಲ್ಲಿ ಹಿತ್ತಲಲ್ಲಿ ತಾನೇ ಹುಟ್ಟುವ ಈ ಗಿಡ ಕಾಮಾಲೆಗೆ ನಮ್ಮ ಹಳ್ಳಿಗಳ ಮೊದಲ ಮದ್ದು. 1988ರಲ್ಲಿ ಚೆನ್ನೈನ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಂಚಲನದ ವರದಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಾಣು ಹೊತ್ತಿದ್ದ 37 ಜನರಿಗೆ ಒಂದು ತಿಂಗಳು ನೆಲನೆಲ್ಲಿ ಕೊಟ್ಟಾಗ 22 ಜನರ ರಕ್ತದಲ್ಲಿ ವೈರಾಣುವಿನ ಗುರುತು ಕಾಣೆಯಾಗಿತ್ತು. ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಬರೆದವರಲ್ಲಿ, ಆ ವೈರಾಣುವನ್ನು ಪತ್ತೆಹಚ್ಚಿದ್ದಕ್ಕೆ 1976ರಲ್ಲಿ ನೊಬೆಲ್ ಪಡೆದ ಬರೂಖ್ ಬ್ಲುಂಬರ್ಗ್ ಕೂಡ ಒಬ್ಬರು.
>
> ಆಮೇಲೆ ಬೇರೆ ದೇಶಗಳಲ್ಲಿ ಮಾಡಿ ನೋಡಿದವರಿಗೆ ಆ ಫಲ ಸಿಗಲಿಲ್ಲ. ಎಲ್ಲ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಕಾಕ್ರೇನ್ ವಿಮರ್ಶೆಯೂ ನಂಬಬಹುದಾದ ಆಧಾರ ಸಾಲದು ಎಂದಿತು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕರಿಗೆ ತಾನಾಗಿಯೇ ವಾಸಿಯಾಗುತ್ತದೆ. ಹಿತ್ತಲ ಮದ್ದಿಗೆ ಸಿಗುವ ಕೀರ್ತಿಯ ದೊಡ್ಡ ಪಾಲು ಅಲ್ಲಿಯದು.

ಚೀಲದಲ್ಲಿ ಜೊತೆಗಿರುವವರು

ಬರೀ ಡ್ಯಾಂಡೆಲಿಯನ್ ಬೇರನ್ನು ಕುದಿಸಿ ಕುಡಿದು ಲಿವರ್ ಕೆಡಿಸಿಕೊಂಡವರ ಕಥೆ ವೈದ್ಯ ಸಾಹಿತ್ಯದಲ್ಲಿ ದೊಡ್ಡದಾಗಿ ಇಲ್ಲ. ಆರೋಗ್ಯವಂತರಿಗೆ ಅದು ನಿರುಪದ್ರವಿ ಪಾನೀಯವೇ. ನನ್ನ ತಕರಾರು ಆ ಚೀಲದಲ್ಲಿ ಅದರ ಜೊತೆಗೆ ಕೂತಿರುವವರ ಮೇಲೆ.

‘ಡಿಟಾಕ್ಸ್’ ಎಂದು ಮಾರುವ ಮಿಶ್ರಣಗಳ ಹಿಂಬದಿಯನ್ನು ಕನ್ನಡಕ ಹಾಕಿಕೊಂಡು ಓದಿ. ಹಲವುಗಳಲ್ಲಿ ‘ಸೆನ್ನಾ’ ಇರುತ್ತದೆ. ನಮ್ಮ ಗ್ರಂದಿಗೆ ಅಂಗಡಿಯ ಸೋನಾಮುಖಿ, ಹಳೆಯ ಭೇದಿ ಮದ್ದು. ರಾತ್ರಿ ಕುಡಿದು ಬೆಳಿಗ್ಗೆ ‘ಮೈಯೆಲ್ಲ ಹಗುರ’ ಅನ್ನಿಸುವುದರ ಗುಟ್ಟು ಲಿವರ್‌ನಲ್ಲಿಲ್ಲ, ಬಚ್ಚಲಿನಲ್ಲಿದೆ. ತಿಂಗಳುಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಕುಸಿಯುತ್ತದೆ, ಕರುಳು ಸೋನಾಮುಖಿಯಿಲ್ಲದೆ ಕೆಲಸ ಮಾಡಲಾರದ ಸ್ಥಿತಿಗೆ ಬರಬಹುದು.

ಇನ್ನು ಕೆಲವಲ್ಲಿ ಹಸಿರು ಚಹಾದ ಗಟ್ಟಿ ಸತ್ವ. ಕಪ್ಪಿನಲ್ಲಿ ಕುಡಿಯುವ ಹಸಿರು ಚಹಾ ಬೇರೆ, ಮಾತ್ರೆಯಾಗಿ ಹಿಂಡಿಟ್ಟ ಸತ್ವ ಬೇರೆ. ಎರಡನೆಯದು ಕೆಲವರ ಲಿವರ್‌ಗೆ ನಿಜವಾಗಿ ಪೆಟ್ಟು ಕೊಟ್ಟಿದೆ. ಅಮೆರಿಕದಲ್ಲಿ ಔಷಧಿಗಳಿಂದಾದ ಲಿವರ್ ಹಾನಿಯ ದಾಖಲೆ ಇಡುವ ಸಂಶೋಧನಾ ಜಾಲವೊಂದಿದೆ. ಅಲ್ಲಿ ದಾಖಲಾದ ಪ್ರಕರಣಗಳಲ್ಲಿ ಗಿಡಮೂಲಿಕೆ ಮತ್ತು ಪೂರಕ ಆಹಾರಗಳ ಪಾಲು ಹತ್ತು ವರ್ಷದಲ್ಲಿ ಶೇ 7ರಿಂದ ಶೇ 20ಕ್ಕೆ ಏರಿತು. ಮೈ ಕಟ್ಟುವ, ತೂಕ ಇಳಿಸುವ ಪುಡಿಗಳದೇ ಅದರಲ್ಲಿ ದೊಡ್ಡ ಸದ್ದು.

ಅಮೆರಿಕದ 1994ರ ಕಾನೂನು ಇಂಥ ಸರಕನ್ನು ಮಾರುವ ಮೊದಲು ಗುಣ ಸಾಬೀತು ಮಾಡಿ ಎಂದು ಕೇಳುವುದಿಲ್ಲ. ‘ಲಿವರ್ ಕಾಯಿಲೆ ಗುಣಪಡಿಸುತ್ತದೆ’ ಎನ್ನುವ ಹಾಗಿಲ್ಲ, ‘ಲಿವರ್‌ಗೆ ಒತ್ತಾಸೆ’ ಎನ್ನಬಹುದು. ಒತ್ತಾಸೆ ಎಂದರೆ ಏನು, ಎಷ್ಟು ಎಂದು ಕೇಳುವವರು ಯಾರು?

ನಮ್ಮ ಅನುಭವವೂ ಇದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯಲ್ಲಿ ಲಿವರ್ ಹಾನಿ ಕಂಡಿದ್ದಾಗಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಸೇವಿಸಿದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಲ್ಲ ಎಂದಿತು. ಆ ಜಗಳ ಹಾಗಿರಲಿ. ಪುಡಿಯಾದ ಮೇಲೆ ಯಾವ ಗಿಡ ಎಂದು ಗುರುತು ಹಿಡಿಯುವುದು ಕಷ್ಟ ಎಂಬುದನ್ನಂತೂ ಎರಡೂ ಕಡೆಯವರ ಮಾತಿನಿಂದ ತಿಳಿಯಬಹುದು.

ಅಸಲಿ ಲೋಟದಲ್ಲೇ ಇದೆಯೇ ಉತ್ತರ?

ಕಾಫಿ ಸಿಗದ ಕಾಲದಲ್ಲಿ ಕಾಫಿಯ ಬದಲಿಗೆ ಬಂದ ಬೇರು ಇಂದು ಕಾಫಿ ಬಿಟ್ಟು ಇದನ್ನು ಕುಡಿಯಿರಿ, ಲಿವರ್‌ಗೆ ಒಳ್ಳೆಯದು ಎಂದು ಮಾರಾಟವಾಗುತ್ತಿದೆ. ತಮಾಷೆಯೆಂದರೆ ಲಿವರ್‌ನ ವಿಷಯದಲ್ಲಿ ಹೆಚ್ಚು ಪುರಾವೆ ಇರುವುದು ಕಾಫಿಯ ಕಡೆಗೇ.

ಬ್ರಿಟನ್ನಿನ 4,94,585 ಜನರನ್ನು ಹತ್ತು ವರ್ಷಕ್ಕೂ ಮಿಕ್ಕಿ ಹಿಂಬಾಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಲಿವರ್ ಕಾಯಿಲೆಯ ಅಪಾಯ ಶೇ 21ರಷ್ಟು ಕಡಿಮೆ, ಅದರಿಂದ ಸಾಯುವ ಅಪಾಯ ಶೇ 49ರಷ್ಟು ಕಡಿಮೆ ಕಂಡುಬಂತು. ದಿನಕ್ಕೆ ಮೂರು ನಾಲ್ಕು ಕಪ್ಪಿನವರೆಗೆ ಲಾಭ ಏರುತ್ತಿತ್ತು. ಕೆಫೀನ್ ತೆಗೆದ ಕಾಫಿಯಲ್ಲೂ ಇದೇ ಒಲವು.

ದೇಶದ ಕಾಫಿಯಲ್ಲಿ ಸುಮಾರು ಶೇ 70ನ್ನು ಬೆಳೆಯುವ ನಾಡಿನವರು ಕಾಲರ್ ಏರಿಸುವ ಮೊದಲು ಒಂದು ಮಾತು. ಇದು ಗಮನಿಸಿ ನೋಡಿದ ಅಧ್ಯಯನ, ಕೊಟ್ಟು ನೋಡಿದ ಪ್ರಯೋಗವಲ್ಲ. ಕಾಫಿ ಕುಡಿಯುವವರ ಬೇರೆ ಅಭ್ಯಾಸಗಳೂ ಇದರಲ್ಲಿ ಸೇರಿರಬಹುದು. ಗಟ್ಟಿ ಹಾಲು, ಮೂರು ಚಮಚ ಸಕ್ಕರೆಯ ಲೋಟಕ್ಕೆ ಈ ಲೆಕ್ಕ ಅನ್ವಯಿಸುತ್ತದೆ ಎಂದುಕೊಂಡರೆ ಲಿವರ್ ನಕ್ಕೀತು.

ಏಕೆಂದರೆ ನಮ್ಮ ಊರುಗಳ ನಿಜವಾದ ಲಿವರ್ ಕಾಯಿಲೆ ಈಗ ಕೊಬ್ಬಿನ ಲಿವರ್. ಹೆಂಡ ಮುಟ್ಟದವರಲ್ಲೂ ಸಕ್ಕರೆ, ಬೊಜ್ಜು, ಕೂತು ಮಾಡುವ ಕೆಲಸದಿಂದ ಬರುವಂಥದ್ದು. ಭಾರತದ ಜನಸಂಖ್ಯೆಯಲ್ಲಿ ಶೇ 9ರಿಂದ 32ರಷ್ಟು ಜನರಲ್ಲಿ ಇದಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಅಂದಾಜಿಸಿ, 2021ರಲ್ಲಿ ಇದನ್ನು ತನ್ನ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿತು. ತೂಕ ಹೆಚ್ಚಿದ್ದವರು ಅದರಲ್ಲಿ ಶೇ 5ರಷ್ಟು ಇಳಿಸಿದರೆ ಲಿವರ್‌ನ ಕೊಬ್ಬು ಕರಗತೊಡಗುತ್ತದೆ. ಶೇ 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಎಂಬತ್ತು ಕಿಲೋ ಇರುವವರಿಗೆ ಅದು ಸುಮಾರು ಆರರಿಂದ ಎಂಟು ಕಿಲೋ. ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಲಾಗದು, ಹಾಗಾಗಿ ಜಾಹೀರಾತು ಇಲ್ಲ.

> ಕುಡಿಯುವ ಮುನ್ನ
>
> ಸೇವಂತಿಗೆ, ಸೂರ್ಯಕಾಂತಿ ಕುಟುಂಬದ ಗಿಡಗಳಿಗೆ ಅಲರ್ಜಿ ಇದ್ದವರಿಗೆ ಡ್ಯಾಂಡೆಲಿಯನ್ನೂ ಆಗದಿರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ, ಲಿಥಿಯಂ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ವಿಷಯದಲ್ಲಿ ಎಚ್ಚರ ವಹಿಸಬೇಕು, ಅದರಲ್ಲಿ ವಿಟಮಿನ್ ಕೆ ಬಹಳ. ಹೊಟ್ಟೆ ಉಬ್ಬರದ, ಕರುಳು ಸೂಕ್ಷ್ಮವಿರುವವರಿಗೆ ಇನ್ಯುಲಿನ್ ವಾಯುವನ್ನು ಇನ್ನಷ್ಟು ಹೆಚ್ಚಿಸಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಬೇಡ.

ರುಚಿಗೆಂದು ಕುಡಿಯುವುದಾದರೆ ಡ್ಯಾಂಡೆಲಿಯನ್ ಬೇರಿನ ಚಹಾದ ಮೇಲೆ ನನ್ನದೇನೂ ದೂರಿಲ್ಲ. ಊಟವಾದ ಮೇಲೆ, ರಾತ್ರಿ ನಿದ್ದೆ ಕೆಡಿಸದ ಒಂದು ಕಹಿ ಪಾನೀಯ ಬೇಕೆನ್ನುವವರಿಗೆ ಹುರಿದ ಬೇರು ಚೆನ್ನಾಗಿಯೇ ಇರುತ್ತದೆ. ಆದರೆ ಹೆಸರಿನಲ್ಲಿ ‘ಡಿಟಾಕ್ಸ್’ ಇರುವುದನ್ನು ಬಿಟ್ಟು, ಒಂದೇ ಒಂದು ಪದಾರ್ಥ ಇರುವುದನ್ನು ಕೊಳ್ಳಿ.

ಕಣ್ಣಿನ ಬಿಳಿಭಾಗ ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಬಲಪಕ್ಕೆಯ ಕೆಳಗೆ ನೋವು, ತಡೆಯಲಾರದ ತುರಿಕೆ, ಕಾರಣವಿಲ್ಲದ ಸುಸ್ತು ಶುರುವಾದರೆ ಕುಡಿಯುತ್ತಿರುವ ಚಹಾ, ಕಷಾಯ, ಪುಡಿ ಎಲ್ಲವನ್ನೂ ಆ ದಿನವೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ‘ಅದು ಬರೀ ಸೊಪ್ಪು-ಬೇರು, ಹೇಳುವಂಥದ್ದೇನಿಲ್ಲ’ ಎಂದುಕೊಳ್ಳಬೇಡಿ. ಏನು ಕುಡಿದಿರಿ, ಎಷ್ಟು ದಿನ ಕುಡಿದಿರಿ ಎಂದು ಹೇಳಿ. ಖಾಲಿಯಾಗಿದ್ದರೂ ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.